ದಾವಣಗೆರೆಯಲ್ಲಿ ಒಂದು ಮನೆ ಕಟ್ಟಿಕೊಟ್ಟೆ, ಲೆಕ್ಕ ಇಲ್ಲಿದೆ

2025ರ ಸಂಕ್ರಾಂತಿ ಕಳೆದ ಮೇಲೆ ಗುದ್ದಲಿ ಪೂಜೆ ಮಾಡಿದ ಮನೆಗೆ ಕಾರ್ತಿಕದಲ್ಲಿ ಗೃಹಪ್ರವೇಶ ಆಯಿತು. ಕೊನೆಯ ಕಂತು ಕೈಗೆ ಬಂದಿದ್ದು ಮಾತ್ರ ಮೊನ್ನೆ ಮೊನ್ನೆ. ಸದ್ಯಕ್ಕೆ ಹೊಸ ಕೆಲಸ ಹಿಡಿದಿಲ್ಲ, ನಡೆದದ್ದೆಲ್ಲ ಇನ್ನೂ ನೆನಪಿದೆ. ಮರೆಯುವ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಸಿವಿಲ್ ಡಿಪ್ಲೊಮಾ ಓದಿದವನು. ಬೇರೆಯವರ ಕೈಕೆಳಗೆ ಸೈಟ್ ನೋಡಿಕೊಂಡಿದ್ದೆ, ಆಮೇಲೆ ಕೂಲಿ ಕಂಟ್ರಾಕ್ಟ್ ಹಿಡಿದು ಕೆಲವು ಮನೆ ಕಟ್ಟಿದೆ. ಮಟೀರಿಯಲ್, ಕಾಗದ ಪತ್ರ, ಜಿಎಸ್‌ಟಿ ಸಮೇತ ಪೂರ್ತಿ ಹೊಣೆ ಹೊತ್ತ ಮೊದಲ ಮನೆ ಇದು. ನನ್ನ ಹಾಗೆ ಸ್ವಂತ ಮಾಡೋಣ ಅಂತ ಹೊರಟ ಹುಡುಗರು ನಮ್ಮೂರಲ್ಲಿ ಬಹಳ ಜನ ಇದ್ದಾರೆ. ಇದು ಅವರಿಗೆ. ಮನೆ ಕಟ್ಟಿಸುವವರು ಓದಿದರೂ ನಷ್ಟವಿಲ್ಲ. ಕಂಟ್ರಾಕ್ಟರ್ ಯಾಕೆ ಯಾವಾಗಲೂ ಮುಖ ಗಂಟು ಹಾಕಿಕೊಂಡು ನಿಂತಿರುತ್ತಾನೆ ಅಂತ ಗೊತ್ತಾಗುತ್ತೆ.

ಯಜಮಾನರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. 30x50 ಸೈಟು, ಊರ ಹೊರಗಿನ ಹೊಸ ಬಡಾವಣೆ, ಹಿಂದೆ ಭತ್ತದ ಗದ್ದೆ ಇದ್ದ ಜಾಗ. ಲೋನ್ ಬೆಂಗಳೂರಲ್ಲಿರುವ ಮಗನ ಹೆಸರಲ್ಲಿ. ಮೇಷ್ಟ್ರು ಕೇಳಿದ ಮೊದಲ ಮಾತು, ಇಲ್ಲಿ ಎಲ್ಲರೂ ಕೇಳುವ ಮಾತೇ: "ಚದರಕ್ಕೆ ಎಷ್ಟ್ರಿ?"

ಈ ಚದರದ ರೇಟು ಇದೆಯಲ್ಲ, ಜಗಳಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಒಂದು ಚದರ ಅಂದ್ರೆ ನೂರು ಚದರಡಿ, ಅದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಯಾವುದನ್ನು ಅಳೆಯಬೇಕು? ಪೋರ್ಟಿಕೋ ಪೂರ್ತಿಯಾ, ಅರ್ಧವಾ? ಮೆಟ್ಟಿಲ ಮೇಲಿನ ಹೆಡ್‌ರೂಮ್ ಲೆಕ್ಕಕ್ಕೆ ಬರುತ್ತಾ? ಬಾಲ್ಕನಿ? ಸಂಪು, ಕಾಂಪೌಂಡ್, ಗೇಟು, ಓವರ್‌ಹೆಡ್ ಟ್ಯಾಂಕ್, ಬೋರು, ಇವೆಲ್ಲ ರೇಟಿನ ಒಳಗಾ ಹೊರಗಾ? ಕಡಿಮೆ ರೇಟು ಹೇಳುವವನು ಇದೆಲ್ಲವನ್ನೂ ಹೊರಗಿಟ್ಟು ಹೇಳಿರುತ್ತಾನೆ. ಎಲ್ಲ ಸೇರಿಸಿ ಹೇಳಿದವನು ದುಬಾರಿ ಅನ್ನಿಸಿಕೊಳ್ಳುತ್ತಾನೆ. ಮೇಷ್ಟ್ರ ಹತ್ತಿರ ನನಗಿಂತ ಮುಂಚೆ ಬಂದವರು ಚದರಕ್ಕೆ 1 ಲಕ್ಷ 80 ಸಾವಿರ ಹೇಳಿದ್ದರು. ನಾನು 2 ಲಕ್ಷ 15 ಸಾವಿರ ಅಂದೆ, ಜಿಎಸ್‌ಟಿ ಸೇರಿ. ಕೆಳಗೆ ಹತ್ತೂವರೆ ಚದರ, ಮೇಲೆ ಆರು, ಒಟ್ಟು ಹದಿನಾರೂವರೆ. 35 ಲಕ್ಷ 47 ಸಾವಿರ ಚಿಲ್ಲರೆ ಆಗುತ್ತೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಮಾತು ಆಡುವುದು ಬಿಟ್ಟು ಪಟ್ಟಿ ತೆಗೆದೆ. ಯಾವ ಗೋಡೆಗೆ ಎಷ್ಟು ಇಂಚಿನ ಬ್ಲಾಕ್, ಟೈಲ್ಸ್ ಅಡಿಗೆ ಎಷ್ಟು ರೂಪಾಯಿಯದು, ರೂಮಿಗೆ ಎಷ್ಟು ಲೈಟ್ ಪಾಯಿಂಟ್, ಯಾವ ಬಾಗಿಲಿಗೆ ಯಾವ ಮರ, ಬಾತ್‌ರೂಮಿನ ಗೋಡೆಗೆ ಎಷ್ಟು ಎತ್ತರದವರೆಗೆ ಟೈಲ್ಸ್. ಅವರಿಗೆ ಬಂದಿದ್ದ ಇನ್ನೊಂದು ಕೊಟೇಶನ್ ಒಂದೇ ಹಾಳೆ, ಅದರಲ್ಲಿ "ಬೆಸ್ಟ್ ಕ್ವಾಲಿಟಿ" ಅಂತ ಮೂರು ಕಡೆ ಬರೆದಿತ್ತು. ಅದರಲ್ಲಿ ಬಿಟ್ಟದ್ದನ್ನೆಲ್ಲ ಅವರ ಮುಂದೆಯೇ ಕೂಡಿಸಿದೆ. ಇಬ್ಬರ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಮೇಷ್ಟ್ರು ಗಣಿತದವರು, ಅದು ನನ್ನ ಪುಣ್ಯ.

ಜಿಎಸ್‌ಟಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಮಟೀರಿಯಲ್ ಸಮೇತ ಒಂದೇ ಮನೆ ಹಿಡಿದರೂ ಅದು ದಾಟಿಹೋಗುತ್ತೆ. ಮಟೀರಿಯಲ್ ಸೇರಿದ ಕಂಟ್ರಾಕ್ಟಿಗೆ ತೆರಿಗೆ ಶೇ 18. ಒಂಟಿ ಮನೆಯನ್ನು ಬರೀ ಕೂಲಿ ಕಂಟ್ರಾಕ್ಟಿನಲ್ಲಿ ಕಟ್ಟಿಕೊಟ್ಟರೆ ತೆರಿಗೆ ವಿನಾಯಿತಿ ಇದೆ. ಅದಕ್ಕೇ ಬಹಳ ಜನ ಸಿಮೆಂಟು, ಕಬ್ಬಿಣ ಎಲ್ಲ ಯಜಮಾನರ ಕೈಯಲ್ಲೇ ತರಿಸಿ ಕೂಲಿ ಮಾತ್ರ ಹಿಡಿಯುತ್ತಾರೆ. ಅದೂ ಸರಿಯಾದ ದಾರಿಯೇ, ಆದರೆ ಯಜಮಾನರಿಗೆ ದಿನಾ ಮಂಡಿಗೆ ಓಡಾಡುವ ಶಕ್ತಿ ಇರಬೇಕು. ಮೇಷ್ಟ್ರಿಗೆ ಮಂಡಿನೋವು. "ಎಲ್ಲ ನೀನೇ ನೋಡ್ಕೋ" ಅಂದರು.

ಜಿಎಸ್‌ಟಿ ನೋಂದಣಿಗೆ ಅರ್ಜಿ ಹಾಕಿದರೆ ಪ್ರಶ್ನೆ ಬಂತು. ನನ್ನ ಆಫೀಸ್ ಅಂದ್ರೆ ಮನೆಯ ಮುಂದಿನ ಕೋಣೆ, ಕರೆಂಟ್ ಬಿಲ್ ಅಪ್ಪನ ಹೆಸರಲ್ಲಿ. ಅಪ್ಪನ ಒಪ್ಪಿಗೆ ಪತ್ರ, ಕಂದಾಯ ರಸೀದಿ ಎಲ್ಲ ಮತ್ತೆ ಏರಿಸಬೇಕಾಯಿತು. ನೀವು ಮೊದಲ ಸಲಕ್ಕೇ ಇವನ್ನು ಹಾಕಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಪುಕ್ಕಟೆ, ಕೂತ ಜಾಗದಲ್ಲೇ ಆಗುತ್ತೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಮೇಷ್ಟ್ರ ಮಗ ಫೋನಲ್ಲಿ "ರೇರಾ ನಂಬರ್ ಎಲ್ಲಿ?" ಅಂತ ಕೇಳಿದ. ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇರುವುದು ಕಟ್ಟಿ ಮಾರುವ ಲೇಔಟು, ಅಪಾರ್ಟ್‌ಮೆಂಟುಗಳಿಗೆ. ಅವರ ಸೈಟಿನಲ್ಲಿ ಅವರಿಗೇ ಕಟ್ಟಿಕೊಡುವ ಮನೆಗೆ ಅದು ಬೇಕಿಲ್ಲ. ಈ ಪ್ರಶ್ನೆ ನಿಮಗೂ ಬರುತ್ತೆ, ಉತ್ತರ ರೆಡಿ ಇಟ್ಟುಕೊಳ್ಳಿ.

ಪ್ಲ್ಯಾನ್ ಮಂಜೂರಾತಿಗೆ ಕ್ರಯಪತ್ರ, ಇ-ಖಾತೆ, ಚಾಲ್ತಿ ವರ್ಷದ ಕಂದಾಯ ರಸೀದಿ, ಬಡಾವಣೆ ನಕ್ಷೆಯ ಪ್ರತಿ ಇಟ್ಟುಕೊಂಡು ಹೊರಟೆವು. ಅಲ್ಲಿ ಒಂದು ಗಂಟು ಸಿಕ್ಕಿಕೊಂಡಿತು. ಪತ್ರದಲ್ಲಿ ಅಗಲ 30 ಅಡಿ, ನೆಲದ ಮೇಲೆ ಟೇಪ್ ಹಿಡಿದರೆ ಹಿಂಭಾಗದಲ್ಲಿ ಆರಿಂಚು ಕಡಿಮೆ. ಪಕ್ಕದವರ ಕಾಂಪೌಂಡ್ ಸ್ವಲ್ಪ ಈಚೆ ಬಂದಿತ್ತು. ಆರಿಂಚು ಅಂದ್ರೆ ಏನು ಮಹಾ ಅನ್ನಿಸಬಹುದು. ಆದರೆ ಸುತ್ತ ಬಿಡಬೇಕಾದ ಜಾಗದ ಲೆಕ್ಕ ಬರುವುದು ಅಲ್ಲಿಂದಲೇ. ಮೇಷ್ಟ್ರು ಪಕ್ಕದವರ ಜೊತೆ ಜಗಳಕ್ಕೆ ಹೋಗಲು ತಯಾರಿರಲಿಲ್ಲ. "ಮುಂದೆ ಮುಖ ಮುಖ ನೋಡ್ಕೊಂಡು ಇರಬೇಕಲ್ರಿ" ಅಂದರು. ಕೊನೆಗೆ ನೆಲದ ಮೇಲಿರುವ ಅಳತೆಗೇ ನಕ್ಷೆ ತಿದ್ದಿಸಿ ಹಾಕಿದೆವು. ರೂಮು ಕಿರಿದಾಯಿತು, ಫೈಲು ಮುಂದೆ ಹೋಯಿತು. ಸೈಟು ಅಳೆಯದೆ ಡ್ರಾಯಿಂಗ್ ಮಾಡಿಸಬೇಡಿ. ಇನ್ನೊಂದು ಖರ್ಚು ಬಹಳ ಜನಕ್ಕೆ ಗೊತ್ತಿರುವುದಿಲ್ಲ: ನಾವು 2025ರಲ್ಲಿ ಕೆಲಸ ಶುರು ಮಾಡಿದಾಗ ಮನೆಯ ವೆಚ್ಚ 10 ಲಕ್ಷ ದಾಟಿದರೆ ಅದರ ಶೇ 1ರಷ್ಟು ಕಾರ್ಮಿಕ ಸೆಸ್ ಕಟ್ಟಬೇಕಿತ್ತು. ಸೆಸ್ ಬೀಳುವುದಾದರೆ ಯಾರು ಕಟ್ಟುವುದು ಅಂತ ಅಗ್ರಿಮೆಂಟಿನಲ್ಲಿ ಬರೆದಿರಲಿ.

ಅಗ್ರಿಮೆಂಟನ್ನು ಇ-ಸ್ಟಾಂಪ್ ಪೇಪರಿನಲ್ಲೇ ಮಾಡಿಸಿದೆ. ಅದರಲ್ಲಿ ನನ್ನನ್ನು ಉಳಿಸಿದ್ದು ಮೂರು ಸಾಲು. ಪಾಯ 5 ಅಡಿ ಆಳದವರೆಗೆ ಮಾತ್ರ ರೇಟಿನ ಒಳಗೆ, ಮುಂದಿನದಕ್ಕೆ ಬೇರೆ ಲೆಕ್ಕ. ಬದಲಾವಣೆ ಏನಿದ್ದರೂ ಮೇಷ್ಟ್ರ ಸಹಿ ಬೇಕು, ಮನೆಯ ಬೇರೆ ಯಾರು ಹೇಳಿದರೂ ನಡೆಯಲ್ಲ. ಹಣ ಹಂತ ಮುಗಿದ ಮೇಲಲ್ಲ, ಹಂತ ಶುರುವಾಗುವ ಮುಂಚೆ.

ಜನವರಿ ಕೊನೆಗೆ ಪಾಯ ತೆಗೆದೆವು. ಮೇಲೆ ಎರೆ ಮಣ್ಣು. ಈ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ. ಅದರ ಮೇಲೆ ಪಾಯ ಕೂರಿಸಿದರೆ ಎರಡು ವರ್ಷದಲ್ಲಿ ಗೋಡೆ ಸೀಳುತ್ತೆ. ಕೆಳಗೆ ಗಟ್ಟಿ ಗರಸು ಸಿಗುವವರೆಗೂ ಹೋಗಲೇಬೇಕು. ಐದಡಿಗೆ ಸಿಗಲಿಲ್ಲ, ಆರಕ್ಕೂ ಇಲ್ಲ. ಏಳೂವರೆ ಅಡಿಗೆ ಜೆಸಿಬಿ ಹಲ್ಲು ಕರಕರ ಅಂದಿತು. ಮೇಸ್ತ್ರಿ ಗುಂಡಿಗೆ ಇಳಿದು ಹಾರೆಯಿಂದ ಕುಟ್ಟಿ "ಸಿಕ್ತು ಬಿಡ್ರಿ ಸರ" ಅಂದ. ಅವನ ಅಂಗಾಲಿಗೆ ಅಂಟಿದ ಎರೆ ಒಂದೊಂದು ಕಾಲಿಗೂ ಎರಡು ಕೆಜಿ ಇತ್ತು.

ಮರುದಿನ ಬೆಳಿಗ್ಗೆ ಹೋದರೆ ಗುಂಡಿಗಳಲ್ಲಿ ಮೊಣಕಾಲಷ್ಟು ನೀರು. ಮಳೆ ಇಲ್ಲ, ಪೈಪ್ ಒಡೆದಿಲ್ಲ. ಬೇಸಿಗೆ ಬೆಳೆಗೆ ಭದ್ರಾ ನಾಲೆ ಬಿಟ್ಟಿದ್ದರು, ಸುತ್ತಮುತ್ತ ಗದ್ದೆಗಳಲ್ಲಿ ನಾಟಿ ನಡೆದಿತ್ತು, ಆ ನೀರು ಒಳಗೊಳಗೇ ಬಸಿದು ಬರುತ್ತಿತ್ತು. ಪಂಪ್ ಬಾಡಿಗೆ ತಂದು ಹಗಲೂ ರಾತ್ರಿ ಎತ್ತಿಸಿದೆ. ನೀರು ಎತ್ತಿದ ಮೇಲೆ ಬದಿಯ ಮಣ್ಣು ಜಾರಿ ಬೀಳುವುದು ಬೇರೆ. ಅತ್ತ ನಾಟಿ ಅಂದ ಮೇಲೆ ಕೂಲಿಯವರಲ್ಲಿ ಅರ್ಧ ಜನ ಗದ್ದೆಗೆ ಹೋದರು. ನಾನೇನು ಬೇಡ ಅನ್ನಲಿ? ಅದೂ ಅವರ ಅನ್ನವೇ. ನಾಲೆ ಕೆಳಗಿನ ಬಡಾವಣೆಯಲ್ಲಿ ಕೆಲಸ ಹಿಡಿಯುವವರು ನಾಲೆಗೆ ನೀರು ಬಿಡುವ ದಿನ ನೋಡಿಕೊಂಡು ಪಾಯ ತೆಗೆಯಿರಿ. ತೆಗೆದ ಎರೆಯನ್ನು ಮನೆಯ ನೆಲದಡಿಯ ಪ್ಲಿಂತ್ ಒಳಗೆ ತುಂಬಲು ಬಿಡಬೇಡಿ. ಪುಕ್ಕಟೆ ಮಣ್ಣು ಅಂತ ಆಸೆ ಆಗುತ್ತೆ, ಆಮೇಲೆ ಟೈಲ್ಸ್ ಎದ್ದು ಕೂರುತ್ತವೆ. ಹೊರಗಿನಿಂದ ಗರಸು ತರಿಸಿ, ನೀರು ಹಾಕಿ, ಒಂದೊಂದು ಪದರವೂ ದಮ್ಮಸು ಮಾಡಿಸಿ.

ಹೆಚ್ಚುವರಿ ಆಳಕ್ಕೆ ಒಂದು ಲಕ್ಷದ ಮೇಲೆ ಖರ್ಚು ಬಂತು. ಮೇಷ್ಟ್ರು ಅಗ್ರಿಮೆಂಟ್ ತೆಗೆದು ಆ ಸಾಲನ್ನು ಎರಡು ಸಲ ಓದಿದರು. ನಾನೇ ಕರೆದುಕೊಂಡು ಹೋಗಿ ಗುಂಡಿಯೊಳಗೆ ಟೇಪ್ ಬಿಟ್ಟು ತೋರಿಸಿ, ಫೋಟೊ ತೆಗೆದಿದ್ದೆ. ಕಾಂಕ್ರೀಟ್ ಬಿದ್ದ ಮೇಲೆ ಆಳ ಎಷ್ಟಿತ್ತು ಅಂತ ಯಾರೂ ಸಾಬೀತು ಮಾಡೋಕಾಗಲ್ಲ. ದುಡ್ಡು ಕೊಟ್ಟರು. ಖುಷಿಯಿಂದ ಕೊಟ್ಟರು ಅಂತ ಹೇಳಲಾರೆ.

ಲೋನಿನ ಕಥೆ ಬೇರೆಯೇ. ಬ್ಯಾಂಕಿನವರು ಹಂತ ಮುಗಿದ ಮೇಲೆ ತಮ್ಮ ಇಂಜಿನಿಯರ್ ಕಳಿಸಿ, ಶೇಕಡಾ ಇಷ್ಟು ಆಗಿದೆ ಅಂತ ಬರೆಸಿಕೊಂಡು ಆಮೇಲೆ ಹಣ ಬಿಡುತ್ತಾರೆ. ನನ್ನ ಅಗ್ರಿಮೆಂಟ್ ಹೇಳುವುದು ಹಂತಕ್ಕೆ ಮುಂಚೆ. ಇವೆರಡರ ನಡುವೆ ಒಂದು ಹಂತದಷ್ಟು ದುಡ್ಡನ್ನು ಯಾರೋ ಒಬ್ಬರು ಕೈಯಿಂದ ಹಾಕಿರಬೇಕು. ನಾನು ಮೊದಲೇ ಮೇಷ್ಟ್ರ ಜೊತೆ ಕೂತು, ಅವರ ನಿವೃತ್ತಿ ಹಣದಲ್ಲಿ ಒಂದು ಹಂತದಷ್ಟನ್ನು ಬದಿಗೆ ಇಡಿಸಿದ್ದೆ. ಬ್ಯಾಂಕ್ ಹಣ ಬಂದಾಗ ಅದು ತುಂಬಿಕೊಳ್ಳುತ್ತಿತ್ತು. ಹೀಗೆ ಮಾಡಿಕೊಳ್ಳದ ಕಂಟ್ರಾಕ್ಟರ್ ಒಂದು ಮನೆಯ ಅಡ್ವಾನ್ಸ್ ತಂದು ಇನ್ನೊಂದು ಮನೆಗೆ ಸುರಿಯುತ್ತಾನೆ. ಇಲ್ಲಿ ಅರ್ಧಕ್ಕೆ ನಿಂತ ಮನೆಗಳಲ್ಲಿ ಬಹಳಷ್ಟು ನಿಂತಿದ್ದು ಇದರಿಂದಲೇ ಅನ್ನುವುದು ನನ್ನ ಅನಿಸಿಕೆ.

ಯುಗಾದಿ ಮುಗಿಸಿಕೊಂಡು ವಾಸ್ಕಲ್ ಪೂಜೆ, ಬಾಗಿಲು ಕಿಟಕಿ ಮೇಲಿನ ಲಿಂಟಲ್, ಆಮೇಲೆ ಮೋಲ್ಡ್, ಅಂದ್ರೆ ಛಾವಣಿಯ ಕಾಂಕ್ರೀಟ್. ಏಪ್ರಿಲ್ ಮಧ್ಯಕ್ಕೆ ಮೋಲ್ಡ್ ದಿನ ಗೊತ್ತುಮಾಡಿದ್ದೆ. ಕಾಂಕ್ರೀಟಿಗೆ ಆಸರೆಯಾಗಿ ಹಲಗೆ, ಕಂಬ ನಿಲ್ಲಿಸುವ ಸೆಂಟ್ರಿಂಗ್ ಆಗಿತ್ತು, ಕಬ್ಬಿಣ ಕಟ್ಟಾಗಿತ್ತು, ಎಲೆಕ್ಟ್ರಿಕ್ ಪೈಪ್ ಬಿಟ್ಟಾಗಿತ್ತು. ಅಷ್ಟರಲ್ಲಿ ಡೀಸೆಲ್ ದರ, ಟೋಲ್ ಅಂತ ಲಾರಿ ಮಾಲೀಕರ ಮುಷ್ಕರ ಶುರುವಾಯಿತು. ಜಲ್ಲಿ ಅರ್ಧ ಮಾತ್ರ ಬಂದಿತ್ತು. ಅರ್ಧ ಹಾಕಿ ಅರ್ಧ ಬಿಡೋಕೆ ಆಗುತ್ತಾ? ಬಿಸಿಲಲ್ಲಿ ಸೆಂಟ್ರಿಂಗ್ ಹಲಗೆ ಸೊಟ್ಟಗಾಗುತ್ತಿತ್ತು, ಬಾಡಿಗೆ ದಿನದಿನಕ್ಕೂ ಏರುತ್ತಿತ್ತು. ಮುಷ್ಕರ ಕೆಲವೇ ದಿನಕ್ಕೆ ಮುಗಿಯಿತು, ಆದರೆ ಎಲ್ಲರಿಗೂ ಒಟ್ಟಿಗೇ ಜಲ್ಲಿ ಬೇಕಾಗಿದ್ದರಿಂದ ನಮ್ಮ ಪಾಳಿ ಬರುವುದು ಇನ್ನೂ ತಡ ಆಯಿತು. ಈಗ ನಾನು ಜಲ್ಲಿ, ಮರಳು ಸೈಟಿನಲ್ಲಿ ಕಣ್ಣಿಗೆ ಕಾಣದೆ ಮೋಲ್ಡ್ ದಿನ ಹೇಳುವುದಿಲ್ಲ. ಮರಳು ಅಂದೆ, ನಮ್ಮದು ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್. ತುಂಗಭದ್ರೆ ಇಷ್ಟು ಹತ್ತಿರ ಇದೆ, ಹೊಳೆ ಮರಳೇ ಬೇಕು ಅಂತ ಮೇಷ್ಟ್ರ ಆಸೆ. ಪರ್ಮಿಟ್ ಇಲ್ಲದ ಮರಳು ತಂದು ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ಯಾಕೆ? ಕಾಂಕ್ರೀಟಿಗೆ ಎಂ ಸ್ಯಾಂಡ್, ಪ್ಲಾಸ್ಟರಿಂಗಿಗೆ ಪಿ ಸ್ಯಾಂಡ್ ಅಂತ ಒಪ್ಪಿಸಿದೆ.

ಮೋಲ್ಡ್ ದಿನ ಬೆಳಕು ಹರಿಯುವ ಮುಂಚೆ ಹೋದೆ. ಮಿಕ್ಸರ್ ತಿರುಗುವ ಮುಂಚೆ ಒಂದು ಸುತ್ತು ಬಗ್ಗಿಕೊಂಡೇ ನೋಡಬೇಕು. ಕೆಳಗಿನ ರಾಡು ಹಲಗೆಗೆ ತಾಗದಂತೆ ಇಡುವ ಕವರ್ ಬ್ಲಾಕ್ ಇದೆಯಾ, ಮೇಲಿನ ರಾಡು ಓಡಾಡುವವರ ಕಾಲಿಗೆ ಸಿಕ್ಕಿ ಕೆಳಗೆ ಕೂತಿದೆಯಾ. ಕೂತಿತ್ತು. ಮೇಲಿನ ರಾಡನ್ನು ಎತ್ತಿ ಹಿಡಿಯುವ ಚೇರ್ ರಾಡ್ ನಾಲ್ಕು ಕಡೆ ಹೆಚ್ಚಿಗೆ ಹಾಕಿಸಿದೆ. ಮೇಷ್ಟ್ರು ಒಂದು ಚೇರ್ ಹಾಕಿಕೊಂಡು ಕೂತು, ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಸಿಮೆಂಟ್ ಚೀಲದ ಗೆರೆ ಎಳೆಯುತ್ತಾ ಹೋದರು. ನಾಲ್ಕು ಗೆರೆ, ಅಡ್ಡ ಒಂದು ಗೆರೆ. ಒಂದು ಘನ ಮೀಟರಿಗೆ ಸುಮಾರು ಎಂಟು ಚೀಲ, ಹದಿನೈದು ಘನ ಮೀಟರ್ ಅಂದ್ರೆ ನೂರಿಪ್ಪತ್ತು ಅಂತ ನಾನು ಮೊದಲೇ ಹೇಳಿದ್ದೆ. ಸಂಜೆ ಎಣಿಸಿ "ನೂರಿಪ್ಪತ್ತೆರಡು, ಪಾಸ್" ಅಂದರು. ಮಧ್ಯಾಹ್ನ ಎಲ್ಲರಿಗೂ ಊಟ ಅವರ ಮನೆಯಿಂದ, ಸಂಜೆ ಮಂಡಕ್ಕಿ ಮಿರ್ಚಿ. ಮರುದಿನ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಮೇ ತಿಂಗಳಲ್ಲೇ ಮಳೆ ಹಿಡಿದಿದ್ದರಿಂದ ಮೇಲಿನ ಮೋಲ್ಡಿನ ಕ್ಯೂರಿಂಗನ್ನು ದೇವರೇ ನೋಡಿಕೊಂಡ. ಸೆಂಟ್ರಿಂಗಿನವನು ಬೇರೆ ಕಡೆ ಹಲಗೆ ಬೇಕು ಅಂತ ಬೇಗ ಬಿಚ್ಚಲು ಅವಸರ ಮಾಡುತ್ತಾನೆ. ಸಣ್ಣ ರೂಮಿನ ಸ್ಲ್ಯಾಬಿನ ಕಂಬ ಏಳು ದಿನಕ್ಕೆ ತೆಗೆಯಬಹುದು, ಹದಿನೈದಡಿ ದಾಟಿದ ಹಾಲು, ಬೀಮು ಇದ್ದರೆ ಹದಿನಾಲ್ಕು ದಿನ ಬಿಡಲೇಬೇಕು. ಅವನ ಬಾಡಿಗೆ ಹೆಚ್ಚಾದರೂ ಆಗಲಿ.

ಗೋಡೆ ಎದ್ದ ಮೇಲೆ ನಿಜವಾದ ಪರೀಕ್ಷೆ. ಅಲ್ಲಿಯವರೆಗೆ ಮನೆ ಅನ್ನುವುದು ಕಾಗದದ ಮೇಲಿನ ಗೆರೆ. ಗೋಡೆ ಕಂಡ ತಕ್ಷಣ ಎಲ್ಲರಿಗೂ ಕನಸು ಬೀಳುತ್ತೆ. ಮಗ ಬೆಂಗಳೂರಿನಿಂದ ರಾತ್ರಿ ಹನ್ನೊಂದಕ್ಕೆ ಪಿನ್‌ಟರೆಸ್ಟ್ ಫೋಟೊ ಕಳಿಸುತ್ತಿದ್ದ. ಒಂದು ದಿನ ಟಿವಿ ಹಿಂದೆ ಕಲ್ಲಿನ ಗೋಡೆ, ಇನ್ನೊಂದು ದಿನ ತೂಗುವ ಮೆಟ್ಟಿಲು. ಮೇಷ್ಟ್ರ ಮನೆಯ ಅಮ್ಮನವರದು ಅಡುಗೆಮನೆ. "ನೋಡಪ್ಪ ತಮ್ಮಾ, ಸಿಂಕು ಕಿಟಕಿ ಕೆಳಗೆ ಬಂದ್ರೆ ಪಾತ್ರೆ ತೊಳೀವಾಗ ಬೀದಿ ಕಾಣುತ್ತೆ" ಅಂದರು. ಅವರು ಹೇಳಿದ್ದೇ ಸರಿ, ಆದರೆ ನೀರಿನ ಪೈಪು ಆಗಲೇ ಎದುರು ಗೋಡೆಯಲ್ಲಿ ಹೋಗಿತ್ತು. ಇಂಥ ಮಾತಿಗೆ ಬಾಯಲ್ಲಿ "ಆಯ್ತು" ಅನ್ನಬೇಡಿ, "ಆಗಲ್ಲ" ಅಂತಲೂ ಅನ್ನಬೇಡಿ. ಅಲ್ಲೇ ಒಂದು ಹಾಳೆಯಲ್ಲಿ ಏನು ಬದಲು, ಎಷ್ಟು ಖರ್ಚು, ಎಷ್ಟು ದಿನ ಹೆಚ್ಚಿಗೆ ಅಂತ ಬರೆದು ಮೇಷ್ಟ್ರ ಕೈಗೆ ಕೊಟ್ಟೆ. ಸಿಂಕಿನದಕ್ಕೆ ಸಹಿ ಬಿತ್ತು. ಕಲ್ಲಿನ ಗೋಡೆಯ ಹಾಳೆ ನೋಡಿ ಮೇಷ್ಟ್ರು ಮಗನಿಗೆ ಫೋನ್ ಮಾಡಿದರು, ಆಮೇಲೆ ಫೋಟೊಗಳು ಕಡಿಮೆಯಾದವು. ಒಟ್ಟು ಮನೆಯಲ್ಲಿ ಬದಲಾವಣೆಗಳದ್ದೇ ಎರಡು ಲಕ್ಷದ ಹತ್ತಿರ ಬಂತು. ಹಾಳೆ ಇಲ್ಲದಿದ್ದರೆ ಅದರಲ್ಲಿ ಅರ್ಧ ನನ್ನ ಜೇಬಿನಿಂದ ಹೋಗುತ್ತಿತ್ತು. ನನ್ನ ಲಾಭ ಅಂತ ಇದ್ದದ್ದೇ ಅದಕ್ಕಿಂತ ಸ್ವಲ್ಪ ಜಾಸ್ತಿ.

ಒಂದು ಬದಲಾವಣೆಗೆ ಮಾತ್ರ ನಾನು ಹಾಳೆ ಬರೆಯಲೇ ಇಲ್ಲ. ಮೇಲಿನ ರೂಮನ್ನು ಪಕ್ಕದಲ್ಲಿ ಖಾಲಿ ಬಿಡಬೇಕಾದ ಜಾಗಕ್ಕೆ ಎರಡಡಿ ಚಾಚಬೇಕು ಅಂತ ಮೇಷ್ಟ್ರು ಕೇಳಿದರು. "ಎಲ್ಲರೂ ಹಾಕಿದ್ದಾರಲ್ರಿ, ಯಾರು ಟೇಪ್ ಹಿಡ್ಕೊಂಡು ಬರ್ತಾರೆ?" ಹಿಂದೆ ಈ ಮಾತು ನಿಜವೇ ಆಗಿತ್ತು. ಆದರೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಮಂಜೂರಾದ ನಕ್ಷೆಯಂತೆ ಕಟ್ಟಿ, ಓಸಿ (ನಕ್ಷೆಯಂತೆ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪತ್ರ) ತಂದು ತೋರಿಸಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಅಂತ. 2025ರಲ್ಲಿ ಹೊಸ ಕರೆಂಟ್ ಸಂಪರ್ಕಕ್ಕೆ ಓಸಿ ಕೇಳಲು ಶುರುವಾದಾಗ ರಾಜ್ಯದ ಎಲ್ಲ ಕಡೆ ಎಷ್ಟೋ ಮನೆಗಳು ಸಿದ್ಧವಾಗಿಯೂ ಮೀಟರ್ ಇಲ್ಲದೆ ನಿಂತವು. ಎರಡಡಿ ಚಾಚಿದರೆ ನಮಗೂ ಅದೇ ಗತಿ. ಹೇಳಿದೆ. ಮೇಷ್ಟ್ರು ನನ್ನ ಜೊತೆ ಒಂದಷ್ಟು ದಿನ ಮಾತು ಬಿಟ್ಟರು. ಸೈಟಿಗೆ ಬಂದರೂ ಮೇಸ್ತ್ರಿ ಹತ್ತಿರ ಮಾತ್ರ ಮಾತು. ಕಷ್ಟ ಆಯಿತು, ಸುಳ್ಳು ಹೇಳಲ್ಲ. ದುಡ್ಡಿನ ಜಗಳ ತಡೆದುಕೊಳ್ಳಬಹುದು, ಇದು ಹಾಗಲ್ಲ.

ಆಷಾಢ, ಮಳೆ, ಪ್ಲಾಸ್ಟರಿಂಗ್. ಇಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಾಂಕ್ರೀಟ್ ಕಂಬ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ಚಿಕನ್ ಮೆಶ್ ಅನ್ನುವ ತಂತಿ ಬಲೆ ಹೊಡೆಸಿ, ಇಲ್ಲದಿದ್ದರೆ ಅಲ್ಲೇ ಗೆರೆ ಬಿರುಕು ಬರುತ್ತೆ. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ನಿಲ್ಲಿಸಿ ಕೆಳಗೆ ಹೋಗಿ ನೋಡದೆ ಟೈಲ್ಸ್ ಹಾಕಿಸಬೇಡಿ. ಹಬ್ಬಗಳು ಸಾಲಾಗಿ ಬರುವ ಕಾಲ, ಜನ ಸಿಗುವುದು ಕಷ್ಟ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಈ ಮನೆಯ ಕಾಲಕ್ಕೆ ಬೀಳಲಿಲ್ಲ. ಜಾತ್ರೆ ವರ್ಷ ಕೆಲಸ ಹಿಡಿದರೆ ವಾರಗಟ್ಟಲೆ ಬಿಟ್ಟು ದಿನ ಲೆಕ್ಕ ಹಾಕಿ.

ಕೆಲಸದವರ ಬಗ್ಗೆ ಎರಡು ಮಾತು. ಕಟ್ಟಡ ಕಾರ್ಮಿಕರ ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಾರೆ ಅಂತ ದೃಢೀಕರಣ ಬೇಕು, ಅದಕ್ಕೆ ನಿಮ್ಮ ಸಹಿ ಕೇಳಿಕೊಂಡು ಬರುತ್ತಾರೆ. ನಿಮ್ಮ ಹತ್ತಿರ ಮಾಡಿದವರಿಗೆ ತಪ್ಪದೆ ಹಾಕಿಕೊಡಿ, ಮಾಡದವರಿಗೆ ಹಾಕಬೇಡಿ. ಮತ್ತೆ ಇನ್ಶೂರೆನ್ಸ್. ಸಾರ್ವೆ ಮೇಲಿಂದ ಯಾರಾದರೂ ಬಿದ್ದರೆ ಪರಿಹಾರದ ಹೊಣೆ ನಿಮ್ಮ ತಲೆಗೇ ಬರುತ್ತೆ. ಪಾಲಿಸಿ ಖರ್ಚು ಮನೆಯ ಒಟ್ಟು ಲೆಕ್ಕದಲ್ಲಿ ಕಣ್ಣಿಗೂ ಕಾಣಲ್ಲ.

ಸೆಪ್ಟೆಂಬರ್ 22ಕ್ಕೆ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅವತ್ತು ಬೆಳಿಗ್ಗೆಯೇ ಮಗನ ಫೋನ್. "ಸಿಮೆಂಟ್ ಇಳೀತಂತಲ್ರಿ, ನಮಗೆ ಎಷ್ಟು ವಾಪಸ್?" ಇದನ್ನು ಅರ್ಥ ಮಾಡಿಸಲು ಒಂದು ಗಂಟೆ ಬೇಕಾಯಿತು. ಸಿಮೆಂಟಿಗೆ ನಾನು ಕಟ್ಟಿದ ತೆರಿಗೆಯನ್ನು ನಾನು ಸರ್ಕಾರಕ್ಕೆ ಕಟ್ಟಬೇಕಾದ ಶೇ 18ರಲ್ಲಿ ಕಳೆದುಕೊಳ್ಳುತ್ತೇನೆ. 28 ಇದ್ದಾಗ ಜಾಸ್ತಿ ಕಳೆಯುತ್ತಿದ್ದೆ, 18 ಆದಾಗ ಕಡಿಮೆ ಕಳೆಯುತ್ತೇನೆ. ನನ್ನ ಮಟ್ಟಿಗೆ ಸಿಮೆಂಟಿನ ಅಸಲು ಅಷ್ಟೇ ಉಳಿಯುತ್ತೆ. ಇಳಿಕೆ ನೇರವಾಗಿ ಸಿಗುವುದು ಅಂಗಡಿಯಿಂದ ತಾನೇ ಕೊಳ್ಳುವ ಯಜಮಾನನಿಗೆ. ಅದೂ ಅಲ್ಲದೆ ಮನೆಗೆ ಬೇಕಾದ ಏಳುನೂರು ಚಿಲ್ಲರೆ ಚೀಲದಲ್ಲಿ ಹೆಚ್ಚಿನದೆಲ್ಲ ಆಗಲೇ ಗೋಡೆಯೊಳಗೆ ಹೋಗಿತ್ತು. ಮಗ ಒಪ್ಪಲಿಲ್ಲ, ಮೇಷ್ಟ್ರಿಗೆ ಲೆಕ್ಕ ಬಿಡಿಸಿ ತೋರಿಸಿದ ಮೇಲೆ ಅವರು ಒಪ್ಪಿದರು. ಕಬ್ಬಿಣದ್ದು ಹಾಗಲ್ಲ. ಈ ಗಾತ್ರದ ಮನೆಗೆ ಆರು ಟನ್ ಹತ್ತಿರ ಹಿಡಿಯುತ್ತೆ, ಕೆಜಿಗೆ 5 ರೂಪಾಯಿ ಏರಿದರೆ 30 ಸಾವಿರ. ಕಬ್ಬಿಣದ ದರ ಇಷ್ಟು ದಾಟಿದರೆ ವ್ಯತ್ಯಾಸ ಯಜಮಾನರದು, ಇಳಿದರೆ ಅವರಿಗೇ ಲಾಭ ಅಂತ ಬರೆದಿಟ್ಟುಕೊಳ್ಳಿ.

ಅಕ್ಟೋಬರಿನಲ್ಲಿ ಓಸಿಗೆ ಅರ್ಜಿ. ಧನುರ್ಮಾಸ ಬಂದರೆ ಗೃಹಪ್ರವೇಶ ಇಲ್ಲ, ಮೇಷ್ಟ್ರ ಮನೆಯಲ್ಲಿ ಆಗಲೇ ಕಾರ್ತಿಕದ ಮುಹೂರ್ತ ತೆಗೆಸಿ ಕಾರ್ಡು ಅಚ್ಚಿಗೆ ಕೊಟ್ಟಿದ್ದರು. ಫೈಲು ಮೇಜಿನಿಂದ ಮೇಜಿಗೆ ಹೋಗುವುದನ್ನು ಕಾಯುವುದು, ಸಂಬಂಧಪಟ್ಟವರು ಊರಲ್ಲಿ ಇಲ್ಲ ಅನ್ನುವುದು, ಸರ್ವರ್ ಡೌನ್ ಅನ್ನುವುದು, ಇದನ್ನು ಅನುಭವಿಸಿದವರಿಗೆ ವಿವರಿಸಬೇಕಿಲ್ಲ. ಕೊನೆಗೆ ಅಳತೆಗೆ ಬಂದರು. ಟೇಪ್ ಹಿಡಿದರು. ಪಕ್ಕದ ಜಾಗ ಅಳೆಯುವಾಗ ಮೇಷ್ಟ್ರು ನನ್ನ ಪಕ್ಕದಲ್ಲೇ ನಿಂತಿದ್ದರು. ನಕ್ಷೆಯಲ್ಲಿ ಇದ್ದಷ್ಟೇ ಬಂತು. ಅವರು ಹೋದ ಮೇಲೆ "ಚಹಾ ಕುಡಿಯೋಣ ಬಾ" ಅಂದರು. ಮಾತು ಬಿಟ್ಟ ಮೇಲೆ ಅವರೇ ಕರೆದದ್ದು ಅದೇ ಮೊದಲು.

ಓಸಿ ಕೈಗೆ ಬಂದ ಮೇಲೆ ಕರೆಂಟ್ ಅರ್ಜಿ. ಕಟ್ಟಡಕ್ಕೆ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕದ ದರ ಜಾಸ್ತಿ, ಅದನ್ನು ಬೇಗ ಬದಲಿಸಿಕೊಂಡಷ್ಟೂ ಒಳ್ಳೆಯದು. ಬೆಸ್ಕಾಂ ವ್ಯಾಪ್ತಿಯಲ್ಲಿ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ. ಸಿಂಗಲ್ ಫೇಸ್ ಮೀಟರಿಗೇ ಐದು ಸಾವಿರದ ಹತ್ತಿರ, ತ್ರೀ ಫೇಸ್ ಆದರೆ ಇನ್ನೂ ಜಾಸ್ತಿ. ಹಳೆಯ ರೇಟು ನೆನಪಿಟ್ಟುಕೊಂಡು ಕೊಟೇಶನ್ ಹಾಕಬೇಡಿ. ಮೀಟರ್ ಬಂದಿದ್ದು ಗೃಹಪ್ರವೇಶಕ್ಕೆ ಹೂವಿನವನು ತೋರಣ ಕಟ್ಟಲು ಬಂದ ದಿನ.

ಗೃಹಪ್ರವೇಶದಲ್ಲಿ ಮೇಸ್ತ್ರಿಗೆ, ನನಗೆ ಪಂಚೆ, ಶಲ್ಯ ಕೊಟ್ಟರು. ಕೊನೆಯ ಶೇ 5 ಕೊಡಲಿಲ್ಲ. ಊಟದ ಖರ್ಚು, ಬಂಧುಗಳ ಬಟ್ಟೆ, "ಸ್ವಲ್ಪ ತಡಿಯಪ್ಪ" ಅಂದರು. ಎಲ್ಲ ಮನೆಯಲ್ಲೂ ಹೀಗೇ ಆಗುತ್ತೆ. ಅದಕ್ಕೇ ಕೊನೆಯ ಕಂತು ಚಿಕ್ಕದಾಗಿರಬೇಕು, ಅದು ಬಾರದಿದ್ದರೂ ಮೇಸ್ತ್ರಿ, ಪೇಂಟರ್, ಟೈಲ್ಸಿನವರ ಕೂಲಿ ಕೊಡುವಷ್ಟು ನಿಮ್ಮ ಹತ್ತಿರ ಇರಬೇಕು. ಆಮೇಲೆ ಅವರು ಒಂದು ಪಟ್ಟಿ ಕೊಟ್ಟರು: ಹಿಂಬಾಗಿಲು ಉಬ್ಬಿ ಹಿಡಿಯುತ್ತೆ, ಮೇಲಿನ ಬಾತ್‌ರೂಮಿನ ಒಂದು ನಲ್ಲಿ ಸೋರುತ್ತೆ, ಹಾಲಿನ ಮೂಲೆಯಲ್ಲಿ ಪುಟ್ಟಿ ಬಿರುಕು. ಪಟ್ಟಿಗೆ ದಿನಾಂಕ ಹಾಕಿಸಿ, ಇಬ್ಬರೂ ಸಹಿ ಮಾಡಿ, ಮುಗಿಸಿದ ಮೇಲೆ ಒಂದೊಂದಕ್ಕೂ ಗೆರೆ ಎಳೆಸಿದೆ. ಗೆರೆ ಎಲ್ಲ ಬಿದ್ದ ಮೇಲೆ ಚೆಕ್ ಬಂತು.

ಕೀಲಿ ಜೊತೆ ಒಂದು ಫೈಲು ಕೊಟ್ಟಿದ್ದೇನೆ. ಅದರಲ್ಲಿ ಮಂಜೂರಾತಿ ನಕ್ಷೆ, ಓಸಿ, ಸೆಸ್ ರಸೀದಿ, ಮೋಟರ್ ಮತ್ತು ಫಿಟ್ಟಿಂಗ್‌ಗಳ ವಾರಂಟಿ ಕಾರ್ಡು. ಜೊತೆಗೆ ಪ್ಲಾಸ್ಟರಿಂಗಿಗೆ ಮುಂಚೆ ಒಂದೊಂದು ಗೋಡೆಯದೂ ಪೈಪು, ವೈರು ಕಾಣುವಂತೆ ತೆಗೆದ ಫೋಟೊಗಳು. ಟೇಪ್ ಹಿಡಿದೇ ತೆಗೆದದ್ದು. ಕಳೆದ ವಾರ ಮೇಷ್ಟ್ರ ಮನೆಯ ಅಮ್ಮ ಫೋನ್ ಮಾಡಿ ನೀರಿನ ಫಿಲ್ಟರ್ ಹಾಕಿಸಲು ಎಲ್ಲಿ ತೂತು ಹೊಡೆಸಲಿ ಅಂತ ಕೇಳಿದರು. ಫೈಲಿನಲ್ಲಿ ಅಡುಗೆಮನೆ ಎರಡನೇ ಫೋಟೊ ನೋಡಿ, ಕಿಟಕಿಯಿಂದ ಎಡಕ್ಕೆ ಒಂದಡಿ ಬಿಟ್ಟು ಹೊಡೆಸಿ ಅಂದೆ.